ಕೌದಿ ತೋಳು

"ಜಗ್ಗಬ್ಯಾಡಬೇ!"

"ಎಲ್ಲಿ ಜಗ್ಗೀನಿ? ನೀರು ಬಿಡಾಕತ್ತೀನಿ. ಸುಮ್ನ ಕೂಡು."

ಹೊಳೆವ್ವ ಕಾಯಿಸಿ ಆರಿಸಿದ ನೀರನ್ನು ಚಮಚದಿಂದ ಹನಿಹನಿಯಾಗಿ ಮಗಳ ಮುಂಗೈ ಮೇಲೆ ಬಿಡುತ್ತಿದ್ದಳು. ಗಾಯಕ್ಕೆ ಅಂಟಿಕೊಂಡಿದ್ದ ಬ್ಯಾಂಡೇಜ್ ಬಟ್ಟೆ ಏಳನೆಯ ಹನಿಗೋ ಎಂಟನೆಯದಕ್ಕೋ ಮೂಲೆಯಲ್ಲಿ ತಾನಾಗಿಯೇ ಮೇಲೆದ್ದಿತು. ಅದನ್ನು ಎರಡು ಉಗುರುಗಳಲ್ಲಿ ಹಿಡಿದು, ಹಾಲಿನ ಕೆನೆ ತೆಗೆಯುವಷ್ಟು ಮೆತ್ತಗೆ ಎತ್ತಿದಳು. ಕೆಳಗೆ ಗುಳ್ಳೆ. ಕಡಲೆಕಾಳಿನಷ್ಟು ದಪ್ಪ, ಒಳಗೆ ತಿಳಿನೀರು. ಒಡೆದಿರಲಿಲ್ಲ.

"ನೋಡು," ಎಂದಳು, ಗುಳ್ಳೆಯನ್ನೂ ತಾನೇ ಹೆತ್ತವಳಂತೆ. "ನಾಕು ದಿನಾ ಆತು. ಹೆಂಗಿತ್ತೋ ಹಂಗ ಐತಿ."

"ಗುಳ್ಳಿ ನೋಡಿ ಇಷ್ಟು ಖುಷಿಪಡಾಕಿ ಇಡೀ ಪೀಣ್ಯದಾಗ ನೀ ಒಬ್ಬಾಕಿನ ಇರಬೇಕು."

"ಇರಲಿ ಬಿಡು. ಒಬ್ಬಾಕಿ ಆದ್ರೂ ಇದೀನಲ್ಲ."

ಆಸ್ಪತ್ರೆಯವರು ಕೊಟ್ಟ ಕಾಗದ ಗೋಡೆಯ ಮೇಲೆ, ಕ್ಯಾಲೆಂಡರಿನ ಪಕ್ಕ ಅಂಟಿತ್ತು. ಹೊಳೆವ್ವ ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಅಕ್ಷರಕ್ಕೆ ಅಕ್ಷರ ಕೂಡಿಸಿ ಅದನ್ನು ಓದುವುದಕ್ಕೆ ಎರಡು ದಿನ ಹಿಡಿದಿತ್ತು. ಅದಾದ ಮೇಲೆ ಮತ್ತೆ ಓದುವ ಪ್ರಮೇಯ ಬರಲಿಲ್ಲ, ಪೂರಾ ಬಾಯಿಪಾಠ. ಗುಳ್ಳೆ ಒಡೆಯಬಾರದು. ಹಕ್ಕಳೆ ಕೀಳಬಾರದು, ತಾನಾಗಿ ಉದುರಬೇಕು. ನವೆಯಾದರೆ ಕೆರೆಯದೆ ಪಕ್ಕದಲ್ಲಿ ತಟ್ಟಬೇಕು. ಸೋಪು ತಾಗಿಸಿ ತೊಳೆಯಬೇಕು, ಉಜ್ಜಬಾರದು. ಒರೆಸಬಾರದು, ಬಟ್ಟೆ ಒತ್ತಿ ನೀರು ಹೀರಿಸಬೇಕು. ಮುಲಾಮು ತೆಳ್ಳಗೆ. ಬಟ್ಟೆ ಸಡಿಲ, ಗಾಳಿಯಾಡುವಂತೆ. ಬಿಸಿಲು ಮಾತ್ರ ಬೀಳಲೇಬಾರದು.

ಹೊಳೆವ್ವನ ಸ್ವಂತ ಮುಂಗೈ ಮೇಲೂ ಹಚ್ಚೆ ಇತ್ತು. ಮದುವೆಗೆ ಮುಂಚೆ ಕೊರವರ ಮುದುಕಿಯೊಬ್ಬಳು ಹಾಡು ಹೇಳುತ್ತಾ ಚುಚ್ಚಿದ್ದು, ತುಳಸಿಕಟ್ಟೆ ಮತ್ತು ಏಳು ಚುಕ್ಕಿ. ಆಗ ಅಜ್ಜಿ ಐದು ದಿನ ಅರಿಶಿನ, ಔಡಲೆಣ್ಣೆ ಹಚ್ಚಿದ್ದಳು. ಹಚ್ಚೆ ಹಾಕಿಸಿಕೊಂಡರೆ ಏನು ಹಚ್ಚಬೇಕೆಂದು ಅವರ ಮನೆತನದಲ್ಲಿ ಎಲ್ಲರಿಗೂ ಗೊತ್ತು. ತೆಗೆಸಿದರೆ ಏನು ಹಚ್ಚಬೇಕು? ಅದನ್ನು ಯಾವ ಅಜ್ಜಿಯೂ ಹೇಳಿಕೊಟ್ಟು ಸತ್ತಿರಲಿಲ್ಲ.

ಮಗಳು ಶಿವಗಂಗಾಳ ಬಲಗೈ ಮೇಲಿದ್ದದ್ದು ದೇವರೂ ಅಲ್ಲ, ಪ್ರೀತಿಸಿದವನ ಹೆಸರೂ ಅಲ್ಲ. ಗಾಲಿಯೊಂದಕ್ಕೆ ಮೂರು ಗರಿ. ಕಾಡುಗೋಡಿ ಆಚೆ ಬ್ಯಾಟರಿ ಸೈಕಲ್ ಮಾಡುತ್ತಿದ್ದ ಕಂಪನಿಯೊಂದರ ಗುರುತು. ಮೊದಲು ಸೇರಿದ ಇಪ್ಪತ್ತು ಜನರನ್ನು ಸಾಹೇಬರು ಒಂದು ಸಂಜೆ ನಿಲ್ಲಿಸಿ, ಕೇಕ್ ಕತ್ತರಿಸಿ, ಟ್ಯಾಟೂ ಹಾಕುವವನನ್ನು ಕರೆಸಿ ಎಲ್ಲರ ಕೈಗೂ ಇದನ್ನು ಬರೆಸಿದ್ದರು. ಸಾಹೇಬರೂ ಬರೆಸಿಕೊಂಡರು. ಇಪ್ಪತ್ತರಲ್ಲಿ ವೆಲ್ಡಿಂಗ್ ಬಲ್ಲ ಹೆಂಗಸು ಒಬ್ಬಳೇ. ಆಗ ಬಾಗಲಕೋಟೆ ಕಡೆಯ ಹಳ್ಳಿಯಲ್ಲೇ ಇದ್ದ ಹೊಳೆವ್ವನಿಗೆ ಫೋಟೋ ಬಂತು.

"ನಮ್ಮೂರಾಗ ಹೋರಿಗೆ ಮುದ್ರಿ ಒತ್ತತಾರ, ಗಂಗಾ," ಎಂದಿದ್ದಳು ಫೋನಿನಲ್ಲಿ. "ಆದ್ರ ಹೋರಿ ತಾನ ನಡಕೊಂಡು ಹೋಗಿ ಒತ್ತಿಸಿಕೊಳ್ಳೂದಿಲ್ಲ."

"ನಿನಗ ಗೊತ್ತಾಗೂದಿಲ್ಲ ಬಿಡಬೇ. ಇದು ನಮ್ಮ ಕಂಪನಿ."

ಎರಡು ವರ್ಷದ ಮೇಲೆ ಒಂದು ಸೋಮವಾರ ಕಾರ್ಡು ಒತ್ತಿದರೆ ಗೇಟು ತೆರೆಯಲಿಲ್ಲ. ಕಾವಲಿನವನು ಪಟ್ಟಿ ನೋಡಿ, ಹೆಸರಿಲ್ಲ ಅಕ್ಕ ಎಂದ. ಶಿವಗಂಗಾ ತೋಳು ಮಡಚಿ ಮುಂಗೈ ಎತ್ತಿ ತೋರಿಸಿದಳು. ಇದನ್ನ ನೋಡು, ನಾನು ಮೊದಲ ಇಪ್ಪತ್ತರವಳು. ಅವನು ಕೈಯನ್ನೂ ನೋಡಿದ, ಪಟ್ಟಿಯನ್ನೂ ನೋಡಿದ, ಆಮೇಲೆ ನೆಲ ನೋಡಿದ. ಅವಳಿಗೆ ಕೆಲಸ ಹೋದದ್ದಕ್ಕಿಂತ ಹಾಗೆ ಕೈ ಎತ್ತಿ ತೋರಿಸಿದ್ದೇ ಉರಿಯಿತು. ಊರಿನ ಆ ಕೊನೆಯಿಂದ ಈ ಕೊನೆಗೆ ಬಂದು ಪೀಣ್ಯದ ಒಂದು ಶೆಡ್ಡಿನಲ್ಲಿ ವೆಲ್ಡಿಂಗಿಗೆ ಸೇರಿದಳು, ತಾಯಿಯನ್ನು ಕರೆಸಿಕೊಂಡಳು, ಸಂಬಳದಲ್ಲಿ ಹೊಟ್ಟೆ ಬಟ್ಟೆ ಕಟ್ಟಿ ಲೇಸರ್ ಶುರು ಮಾಡಿಸಿದಳು.

"ಪೂರಾ ಹೋಗಬೇಕು," ಎಂದಿದ್ದಳು. "ಬಣ್ಣ ಹೋಗಿ ಅದ ಆಕಾರದಾಗ ಕಲಿ ಉಳದ್ರ ಏನ ಬಂತು? ಮುದ್ರಿ ಉಳದಂಗ ಆತಲ್ಲ."

ಅದಕ್ಕೇ ಇಷ್ಟು ಪಾಡು. ಮೊದಲ ದಿನವೇ ಡಾಕ್ಟರ್ ಪದ್ಮಾವತಿ ಹೇಳಿದ್ದರು: ಇಂಕ್ ಒಡೆಯೋದು ನಮ್ಮ ಕೆಲಸ, ಹತ್ತು ನಿಮಿಷದ್ದು. ಚರ್ಮ ಕಾಯೋದು ಮನೆಯವರ ಕೆಲಸ, ಎರಡು ತಿಂಗಳದ್ದು. ಆ ಮಾತನ್ನು ಹೊಳೆವ್ವ ಸರ್ಕಾರಿ ನೇಮಕದ ಆದೇಶದಂತೆ ತಲೆಯ ಮೇಲೆ ಹೊತ್ತುಕೊಂಡಿದ್ದಳು.

ಎರಡನೇ ಸಲದ ಲೇಸರಿನ ಹಕ್ಕಳೆ ಒಂದೂ ಕೀಳದೆ ಉದುರಿತು. ಒಳಗಿಂದ ಹಸುಗೂಸಿನ ಅಂಗಾಲಿನಂಥ ತೊಗಲು ಬಂತು. ಹೊಳೆವ್ವ ಅದನ್ನು ಪಕ್ಕದ ಕೋಣೆಯವಳಿಗೂ ಕರೆದು ತೋರಿಸಿದಳು. ಆದರೆ ಮೂರು ವಾರ ಕಳೆಯುವಷ್ಟರಲ್ಲಿ ಆ ತೊಗಲು ಕಂದತೊಡಗಿತು. ಮೊದಲು ಚಹಾದ ಬಣ್ಣ, ಆಮೇಲೆ ಹುರಿದ ಕಡಲೆಬೀಜದ ಸಿಪ್ಪೆಯ ಬಣ್ಣ. ಮೂರನೇ ಸಲದ ಲೇಸರಿಗೆಂದು ಜಾಲಹಳ್ಳಿ ಕ್ರಾಸಿನ ಆಸ್ಪತ್ರೆಗೆ ಹೋದಾಗ ಸಿಸ್ಟರ್ ಸೌಮ್ಯ ಕೈ ತಿರುಗಿಸಿ ನೋಡಿ ಹುಬ್ಬು ಗಂಟಿಕ್ಕಿದಳು.

"ಅಜ್ಜಿ, ಅರಿಶಿನ ಹಚ್ಚಿದ್ರಾ?"

"ಇಲ್ಲವಾ."

"ನಿಜ ಹೇಳಿ. ಬೈಯಲ್ಲ. ಹಳ್ಳಿ ಕಡೆಯವರು ಎಲ್ಲಾರೂ ಹಚ್ತಾರೆ. ಅರಿಶಿನ, ಸುಣ್ಣ, ಏನೇನೋ ಸೊಪ್ಪು..."

"ಇಲ್ಲ ಅಂದ್ನೆಲ್ಲಾ. ಮತ್ತ ನಾ ಅಜ್ಜಿನೂ ಅಲ್ಲ."

ಡಾಕ್ಟರು ಬಂದು ದೀಪದ ಕೆಳಗೆ ನೋಡಿದರು. "ಬಿಸಿಲಲ್ಲಿ ಓಡಾಡ್ತೀಯೇನಮ್ಮ?"

"ಇಲ್ಲ ಮೇಡಂ. ಮುಂಜಾನೆ ಎಂಟಕ್ಕ ಒಳಗ ಹೋದ್ರ ಸಂಜಿಗೇ ಹೊರಗ ಬರೂದು."

ಫಾರ್ಮಿನಲ್ಲಿ 'ಖಾಸಗಿ ನೌಕರಿ' ಎಂದಷ್ಟೇ ಇತ್ತು. ಅದರಾಚೆ ಯಾರೂ ಕೇಳಲಿಲ್ಲ.

"ಇವತ್ತು ಲೇಸರ್ ಬೇಡ," ಎಂದರು ಡಾಕ್ಟರು. "ಲೇಸರ್‌ಗೆ ಕಪ್ಪು ಅಂದ್ರೆ ಕಪ್ಪು ಅಷ್ಟೇ. ಇಂಕ್ ಯಾವುದು, ನಿನ್ನ ಚರ್ಮ ಯಾವುದು ಅಂತ ಅದಕ್ಕೆ ಗೊತ್ತಾಗಲ್ಲ, ಎರಡನ್ನೂ ಸುಡುತ್ತೆ. ಎರಡು ತಿಂಗಳು ಬಿಟ್ಟು ಬಾ. ಆಗ್ಲೂ ಹೀಗೇ ಇದ್ರೆ ಇಲ್ಲಿಗೇ ನಿಲ್ಲಿಸೋಣ."

ಗಾಲಿ ಅರ್ಧ ಮಾಸಿತ್ತು, ಗರಿಗಳು ಹಾಗೇ ಇದ್ದವು. ಬಸ್‌ಸ್ಟಾಪಿನಲ್ಲಿ ಶಿವಗಂಗಾ ಮೆಟ್ರೋ ಕಂಬಗಳ ಕಡೆ ತಿರುಗಿ ನಿಂತಳು. ತಾಯಿಯ ಮುಖ ನೋಡದೆ ಕೇಳಿದಳು:

"ಖರೇ ಹೇಳಬೇ. ನಾ ಮಲಗಿದಾಗ ಏನರ ಹಚ್ಚೀಯೇನು?"

ಸೌಮ್ಯ ಕೇಳಿದ್ದು ಚರ್ಮಕ್ಕೆ ತಾಗಿತ್ತು. ಇದು ಒಳಗೆ ಹೋಯಿತು. ಹೊಳೆವ್ವನಿಗೆ ಇಲ್ಲ ಎನ್ನಲು ಒಂದು ತೊಡಕಿತ್ತು. ಗುಳ್ಳೆಯಿದ್ದ ದಿನಗಳಲ್ಲಿ ಒಂದು ಮಧ್ಯಾಹ್ನ, ಮಗಳು ಜ್ವರ ಬಂದಂತಾಗಿ ಮಲಗಿದ್ದಾಗ, ಅವಳು ನಿಜಕ್ಕೂ ಅರಿಶಿನದ ಡಬ್ಬಿಗೆ ಬೆರಳು ಅದ್ದಿದ್ದಳು. ಬೆರಳು ಹಳದಿಯಾದದ್ದನ್ನು ನೋಡಿ, ಗೋಡೆಯ ಕಾಗದ ನೋಡಿ, ಹೋಗಿ ಕೈ ತೊಳೆದುಕೊಂಡಿದ್ದಳು. ಅಷ್ಟೇ. ಆದರೆ ಅದ್ದಿದ್ದು ಸುಳ್ಳಲ್ಲವಲ್ಲ.

ಮಾರನೆಯ ದಿನ ಶಿವಗಂಗಾ ಬುತ್ತಿ ಬಿಟ್ಟು ಹೋದಳು. ಮರೆತಳೋ, ಬೇಕೆಂದೇ ಬಿಟ್ಟಳೋ. ಅಪಾರ್ಟ್‌ಮೆಂಟೊಂದರಲ್ಲಿ ಹೊಳೆವ್ವ ಮಾಡುತ್ತಿದ್ದ ಕಸ ಗುಡಿಸುವ ಕೆಲಸ ಹನ್ನೊಂದಕ್ಕೆಲ್ಲ ಮುಗಿಯುತ್ತಿತ್ತು. ಸಿಟ್ಟು ಸಿಟ್ಟಿನ ಪಾಡಿಗಿರಲಿ, ಮಗಳು ಉಪವಾಸ ಕೂರಬಾರದು ಎಂದು ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಪೀಣ್ಯ ಎರಡನೇ ಹಂತದ ಶೆಡ್ಡಿಗೆ ನಡೆದಳು. ಅಲ್ಲಿಗೆ ಅವಳು ಹೋದದ್ದು ಅದೇ ಮೊದಲು.

ಬಾಗಿಲಲ್ಲಿ ಕಾಲಿಡುವಷ್ಟರಲ್ಲಿ ಒಳಗಿಂದ ನೀಲಿ ಮಿಂಚು ಛಟಛಟ ಹೊಡೆಯಿತು.

"ಅಮ್ಮೋ, ಅತ್ಲಾಗ್ ನೋಡ್ಬ್ಯಾಡ!" ಶೆಡ್ಡಿನ ಯಜಮಾನ ಮುನಿಯಣ್ಣ ಕುರ್ಚಿಯಿಂದಲೇ ಕೂಗಿದರು. "ಕಣ್ಗೆ ಮರಳು ಉಯ್ದಂಗಾಯ್ತದೆ ರಾತ್ರಿಕೆ. ಗ್ವಾಡೆ ಕಡೀಕ್ ತಿರೀಕೊ!"

ಅವಳು ಗೋಡೆಯ ಕಡೆ ತಿರುಗಿಕೊಂಡಳು. ಗೋಡೆಯ ಮೇಲೆ ಅವಳದೇ ನೆರಳು ಕುಣಿಯುತ್ತಿತ್ತು. ಎಂಥ ನೆರಳು! ಸೆರಗಿನ ನೂಲೆಳೆ ಕೂಡ ಎಣಿಸಬಹುದು, ಅಷ್ಟು ಚೂಪು. ಟ್ಯೂಬ್‌ಲೈಟಿನ ಕೆಳಗೆ ಇಂಥ ನೆರಳು ಬೀಳುವುದಿಲ್ಲ. ಇದು ವೈಶಾಖದ ಮಟಮಟ ಮಧ್ಯಾಹ್ನ ಹೊಲದ ಬದುವಿನ ಮೇಲೆ ಬೀಳುವ ನೆರಳು.

ಮಿಂಚು ನಿಂತಿತು. ಊಟದ ಹೊತ್ತು. ವೆಲ್ಡಿಂಗಿನವರು ಮುಖದ ಮೇಲಿನ ಹೆಲ್ಮೆಟ್ ಎತ್ತಿ ಒಬ್ಬೊಬ್ಬರಾಗಿ ಎದ್ದರು. ಹೊಳೆವ್ವ ಅವರನ್ನು ನೋಡಿದಳು. ನಾಲ್ಕು ಜನ ಗಂಡಸರು. ನಾಲ್ವರಿಗೂ ಮುಖ ಒಂದು ಬಣ್ಣ, ಕೊರಳ ಕೆಳಗೆ ಅಂಗಿಯ ಗುಂಡಿ ಬಿಚ್ಚಿದ ಜಾಗ ಮಾತ್ರ ಕಾವಲಿಯಂತೆ ಕಪ್ಪು. ಮುನಿಯಣ್ಣನವರ ಕೊರಳೂ ಹಾಗೇ.

"ಅಣ್ಣಾರ, ತಪ್ಪು ತಿಳೀಬ್ಯಾಡ್ರಿ. ನಿಮ್ಮ ಕೊರಳು ಯಾಕ ಹಿಂಗ ಕರ್ರಗಾಗೇತಿ?"

ಮುನಿಯಣ್ಣ ನಕ್ಕರು. "ಇದಾ? ಆ ನೀಲಿ ಬೆಳ್ಕು, ಆರ್ಕ್ ಅಂತೀವಿ, ಅದು ವಡ್ದಿರೋದು ಕಣಮ್ಮ, ಮೂವತ್ತು ವರ್ಸದ್ದು. ಇದೇ ಜಾಗ್ದಾಗೆ ನಮ್ ರಾಗಿ ಒಲ ಇತ್ತು. ಸೆಡ್ ಆಕಿದ್ ವರ್ಸ ನಮ್ಮಪ್ಪ ಕೇಳಿದ್ರು, ಏನ್ಲಾ, ಸೆಡ್ನಾಗೂ ನೇಗ್ಲು ಇಡೀತೀಯೇನ್ಲಾ, ಒಲ್ದಾಗಿದ್ದಾಗ್ಲೇ ನೀನು ಬೆಳ್ಳಗಿದ್ಯಲ್ಲ ಅಂತ."

ಹೊಳೆವ್ವ ಬುತ್ತಿಯನ್ನು ನೆಲಕ್ಕಿಟ್ಟು ಮಗಳ ಬಲಗೈ ಹಿಡಿದೆಳೆದಳು. ಹಳೆಯ ಬಟ್ಟೆಗಳನ್ನು ಜೋಡಿಸಿ ಕೌದಿ ಹೊಲಿಯುತ್ತಾ ಬೆಳೆದ ಕಣ್ಣು ಅದು. ಮೊದಲು ನೋಡುವುದು ಅಂಚನ್ನು. ಕಂದು ಬಣ್ಣ ಮಣಿಕಟ್ಟಿನ ಬಳಿ, ಕೈಗವಸು ಮುಗಿಯುವಲ್ಲಿ, ಗೆರೆ ಎಳೆದಂತೆ ನಿಂತಿತ್ತು. ಮೇಲೆ, ಅಂಗಿಯ ತೋಳು ಮಡಚಿದ ಜಾಗದಲ್ಲಿ, ಮತ್ತೊಂದು ಗೆರೆ. ನಡುವೆಲ್ಲ ಒಂದೇ ಬಣ್ಣ, ಲೇಸರ್ ಬಿದ್ದಲ್ಲೂ ಬೀಳದಲ್ಲೂ.

"ಅರಿಶಿಣ ಹಚ್ಚಿದ್ರ ಹಿಂಗ ಪಟ್ಟಿ ಇಟ್ಟು ಗೆರಿ ಹೊಡದಂಗ ಹತ್ತತೈತೇನು?" ಎಂದಳು. "ಕಿಡಿ ತಾಗಬಾರದಂತ ದಿನಾ ಚೀಲದಾಗ ತೊಗಲಿನ ತೋಳು ಒಯ್ತಿದ್ದೆಲ್ಲ, ಎಲ್ಲೈತಿ?"

"ಅದು ತಿಕ್ಕತಿತ್ತಬೇ, ಹೊಸಾ ತೊಗಲಿಗೆ. ಸಡಿಲ ಇರಲಿ, ಗಾಳಿ ಆಡಲಿ ಅಂತ ಕಾಗದದಾಗ ಇತ್ತಲ್ಲ, ಅದಕ್ಕ ತಗದಿಟ್ಟೆ. ಶೆಡ್ಡಿನಾಗ ಬಿಸಲು ಎಲ್ಲೈತಿ ಅಂತ..."

"ಬಿಸಲು ಎಲ್ಲೈತಿ! ನೀನ ಕೈಯಾಗ ಹಿಡಕೊಂಡು ಕುಂತೀದಿ, ಹುಚ್ಚಿ!"

ಶಿವಗಂಗಾ ತನ್ನ ಕೈ ನೋಡಿಕೊಂಡಳು, ಮುನಿಯಣ್ಣನ ಕೊರಳು ನೋಡಿದಳು. ಬುತ್ತಿ ಬಿಚ್ಚಿ ಮೊದಲ ತುತ್ತನ್ನು ತಾಯಿಯ ಬಾಯಿಗಿಟ್ಟಳು.

ಆ ಸಂಜೆ ಹೊಳೆವ್ವ ಮಗಳ ಕೈಗೊಂದು ಬಟ್ಟೆಯ ತೋಳು ಹೊಲಿಯಲೆಂದು ಟ್ರಂಕು ಬಿಚ್ಚಿದಳು. ಮುನಿಯಣ್ಣ ಒಂದು ಎಚ್ಚರಿಕೆ ಕೊಟ್ಟು ಕಳಿಸಿದ್ದರು: ಹತ್ತಿ ನೂಲೇ ಆಗ್ಬೇಕು ಕಣಮ್ಮ, ಪಾಲಿಸ್ಟರ್ ಒಂದೆಳೆನೂ ಬ್ಯಾಡ, ಕಿಡಿ ಬಿದ್ರೆ ಕರಗಿ ಮೈಗೆ ಅಂಟ್ಕೊಂಬುಡ್ತದೆ. ಅವಳು ಪ್ರತಿ ಬಟ್ಟೆಯಿಂದಲೂ ಒಂದೊಂದು ಎಳೆ ಕಿತ್ತು ಕಡ್ಡಿ ಗೀರಿ ಸುಟ್ಟಳು. ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ನೂಲು. ತುದಿಯಲ್ಲಿ ಗಟ್ಟಿ ಮಣಿ ಕಟ್ಟಿದರೆ ಹೊರಗೆ. ಶಿವಗಂಗಾಳ ಜಗ್ಗುವ ಜೀನ್ಸು ಮಣಿ ಕಟ್ಟಿತು. ಅಪಾರ್ಟ್‌ಮೆಂಟಿನಲ್ಲಿ ಯಾರೋ ಬಿಸಾಡಿದ್ದ ದಪ್ಪನೆಯ ಹಳೇ ಜೀನ್ಸು ಶುದ್ಧ ಬೂದಿ. ಅದು ಮೇಲಕ್ಕೆ. ನಡುವೆ ಎರಡು ಪದರ ಹಳೇ ಪಂಚೆ. ತೊಗಲಿಗೆ ತಾಗುವ ಒಳಪದರಕ್ಕೆ ಅವಳ ಬಾಣಂತನದ ಕಾಲದ ನೂಲಿನ ಸೀರೆ. ಶಿವಗಂಗಾಳನ್ನು ಮೊದಲು ಸುತ್ತಿಟ್ಟದ್ದೂ ಅದರಲ್ಲೇ. ಅದನ್ನು ಅವಳು ಹೇಳಲಿಲ್ಲ; ಹೇಳಿದರೆ ಮಗಳು ಕತ್ತರಿ ಹಾಕಲು ಬಿಡುತ್ತಿರಲಿಲ್ಲ.

ಕೌದಿಯಲ್ಲಿ ದಾರದ ಗಂಟು ಕಾಣದಂತೆ ಒಳಗೆ ಸೇರಿಸುವುದು ಪದ್ಧತಿ. ಇಲ್ಲಿ ಹೊಳೆವ್ವ ಪದ್ಧತಿ ಮುರಿದಳು. ಗಂಟುಗಳೆಲ್ಲ ಹೊರಗೆ, ಕುರೂಪಿಯಾಗಿ, ಎಲ್ಲರಿಗೂ ಕಾಣುವಂತೆ. ಒಳಗೆ ಒಂದೂ ಚುಚ್ಚಬಾರದು. ಹೊಲಿಗೆ ಬಳೆಯಂತೆ ಸುತ್ತಿ ಸುತ್ತಿ ಮಣಿಕಟ್ಟಿನಿಂದ ಮೊಣಕೈವರೆಗೆ ಹೋಯಿತು. ಬಿಗಿಯೂ ಅಲ್ಲ, ಜೋಲೂ ಅಲ್ಲ. ಮೇಲೆ ಕಟ್ಟಲು ಎರಡು ಲಾಡಿ. ಮೂರನೆಯ ದಿನ ತೋಳು ಮುಗಿಯಿತು.

"ಏನಿದು, ಗುರು! ಕೈಗೆ ಹಾಸ್ಗೆ ಸುತ್ಕೊಂಡ್ ಬಂದವ್ಳೆ!" ಎಂದು ಶೆಡ್ಡಿನಲ್ಲಿ ಮೊದಲ ದಿನ ನಗೆಯೋ ನಗೆ. ಎರಡನೆಯ ವಾರ ಅದೇ ನಕ್ಕವನು, ಈಶಪ್ಪ, ಮುದುರಿದ ಹಳೇ ಪ್ಯಾಂಟೊಂದನ್ನು ಶಿವಗಂಗಾಳ ಕೈಗೆ ತುರುಕಿದ. "ಅಮ್ಮಂಗೆ ಹೇಳಕ್ಕ, ನಂಗೂ ಒಂದು. ಕುತ್ಗೇಗೆ." ಪ್ರತಿ ಸಂಜೆ ಹೊಳೆವ್ವ ತೋಳನ್ನು ದೀಪಕ್ಕೆ ಹಿಡಿದು ಕಿಡಿ ಬಿದ್ದ ತೂತುಗಳನ್ನು ಹುಡುಕುತ್ತಿದ್ದಳು, ಹೊಲಿದು ಮುಚ್ಚುತ್ತಿದ್ದಳು. ಯಾವ ತೂತೂ ಎರಡನೇ ಪದರ ದಾಟಿರಲಿಲ್ಲ. ಬಾಣಂತನದ ಸೀರೆಯನ್ನು ಒಂದು ಕಿಡಿಯೂ ಮುಟ್ಟಲಿಲ್ಲ.

ಎರಡು ತಿಂಗಳ ಮೇಲೆ ಸೌಮ್ಯ ಮತ್ತೆ ಕೈ ತಿರುಗಿಸಿ ನೋಡಿದಳು. ಈ ಸಲ ಹುಬ್ಬು ಮೇಲಕ್ಕೆ ಹೋಯಿತು. "ಮೇಡಂ, ಬಂದು ನೋಡಿ."

ಡಾಕ್ಟರು ದೀಪ ಎಳೆದುಕೊಂಡರು. ಕಂದು ಬಣ್ಣ ಹೋಗಿತ್ತು. ಚರ್ಮ ಪಕ್ಕದ ಚರ್ಮದಂತೆಯೇ ಇತ್ತು. ಅದರ ಮೇಲೆ ಇಂಕು ಮಾತ್ರ, ಒಂಟಿಯಾಗಿ. "ಏನು ಮಾಡಿದ್ರಿ?"

ಹೊಳೆವ್ವ ಚೀಲದಿಂದ ಕೌದಿ ತೋಳು ತೆಗೆದು ಮೇಜಿನ ಮೇಲಿಟ್ಟಳು. ಸುಟ್ಟ ಚುಕ್ಕಿ, ಹೊರಗಿನ ಗಂಟು, ತೇಪೆ. ಡಾಕ್ಟರ್ ಪದ್ಮಾವತಿ ಅದರೊಳಗೆ ತಮ್ಮ ಕೈಯನ್ನೇ ಹಾಕಿ ಬೆರಳಾಡಿಸಿದರು. ವೆಲ್ಡಿಂಗಿನ ಕಥೆ ಪೂರಾ ಕೇಳಿದರು. ಕೇಳಿ, ತಲೆ ಎತ್ತದೆಯೇ ಹೇಳಿದರು:

"ಸೌಮ್ಯ, ಫಾರ್ಮಲ್ಲಿ ಇವತ್ತಿಂದ ಒಂದು ಸಾಲು ಸೇರಿಸು. ದಿನಾ ಕೈಯಲ್ಲಿ ಮಾಡೋ ಕೆಲಸ ಏನು, ಅಂತ. ಇದನ್ನ ನಾವು ಕೇಳ್ಬೇಕಿತ್ತು."

"ತಪ್ಪಾಯ್ತು ಅಜ್ಜಿ," ಎಂದಳು ಸೌಮ್ಯ.

"ಅಕ್ಕ ಅನ್ನು. ಆಮ್ಯಾಲೆ ಮಾಫ್ ಮಾಡ್ತೀನಿ."

ಬಸ್‌ಸ್ಟಾಪಿನಲ್ಲಿ ಶಿವಗಂಗಾ, ಹೊಸ ಬ್ಯಾಂಡೇಜಿನ ಕೈಯನ್ನು ಎದೆಗೊತ್ತಿಕೊಂಡು, "ಆವತ್ತು ನಾ ಹಂಗ ಕೇಳಬಾರದಿತ್ತಬೇ," ಎಂದಳು.

"ಒಂದ ಸಲ ಬೆರಳು ಅದ್ದಿದ್ದೆ," ಎಂದಳು ಹೊಳೆವ್ವ. "ಹಚ್ಚಲಿಲ್ಲ. ತೊಳಕೊಂಡೆ."

ಮಗಳು ನಕ್ಕಳು. ತಾಯಿಯೂ ನಕ್ಕಳು. ಬಸ್ಸು ಬಂದು ಹೋದದ್ದು ಇಬ್ಬರಿಗೂ ತಿಳಿಯಲಿಲ್ಲ.

ಆರನೆಯ ಸಲ ಮುಗಿಯುವಷ್ಟರಲ್ಲಿ ಗಾಲಿ ಹೋಗಿತ್ತು, ಎರಡು ಗರಿ ಹೋಗಿದ್ದವು. ಉಳಿದದ್ದು ಒಂದೇ ಗರಿ, ತೊಳೆದ ಕಾಡಿಗೆಯಷ್ಟು ತೆಳು. ಹೋದ ಜಾಗದಲ್ಲಿ ಕಲೆಯಿಲ್ಲ, ಉಬ್ಬಿಲ್ಲ, ಬಿಳಿಚಿಲ್ಲ. ಇನ್ನೊಂದು ಸಲ ಸಾಕು ಎಂದಿದ್ದರು ಡಾಕ್ಟರು. ಹೊಳೆವ್ವ ಈಗ ದಿನಾ ಬುತ್ತಿ ಹೊತ್ತು ಶೆಡ್ಡಿಗೆ ಹೋಗುತ್ತಿದ್ದಳು. ಅಲ್ಲಿ ಅವಳಿಗೊಂದು ಕುರ್ಚಿ ಮೀಸಲಾಗಿತ್ತು, ಮುನಿಯಣ್ಣನವರ ಕುರ್ಚಿಯ ಪಕ್ಕದಲ್ಲೇ.

ಅಂಥದೊಂದು ಮಧ್ಯಾಹ್ನ, ಶಿವಗಂಗಾ ಊಟಕ್ಕೆಂದು ತೋಳು ಬಿಚ್ಚಿಡುತ್ತಿದ್ದಾಗ, ಶೆಡ್ಡಿನ ಮುಂದೆ ಕಾರು ನಿಂತಿತು. ಕಬ್ಬಿಣದ ಸ್ಟ್ಯಾಂಡುಗಳಿಗೆ ಆರ್ಡರ್ ಕೊಡಲು ಬಂದ ಗಿರಾಕಿ. ಮುನಿಯಣ್ಣನ ಜೊತೆ ಮಾತಾಡುತ್ತಲೇ ಒಳಗೆ ಬಂದವನು ಮಾತು ನಿಲ್ಲಿಸಿದ.

"ಶಿವಗಂಗಾ? ಫಸ್ಟ್ ಟ್ವೆಂಟಿ ಶಿವಗಂಗಾ!"

ಅವನ ಮುಂಗೈ ಮೇಲೆ ಗಾಲಿ, ಮೂರು ಗರಿ. ಭಾನುಪ್ರಕಾಶ್. ಕೇಕ್ ಕತ್ತರಿಸಿದ್ದ ಸಾಹೇಬರು.

"ಎಷ್ಟು ಹುಡುಕಿದ್ವಿ ಗೊತ್ತಾ ನಿನ್ನ?"

"ನನ್ನ ಫೋನ್ ನಂಬರ್ ಅದ ಐತಲ್ರಿ ಸರ್," ಎಂದಳು ಶಿವಗಂಗಾ.

ಈಶಪ್ಪ ಕೆಮ್ಮಿದಂತೆ ಮಾಡಿ ನಕ್ಕ. ಭಾನುಪ್ರಕಾಶ್ ಕೂಡ ನಕ್ಕ. ಕೆಟ್ಟವನಂತೆ ಕಾಣಲಿಲ್ಲ, ಸುಸ್ತಾದವನಂತೆ ಕಂಡ. ಸ್ಟೂಲು ಎಳೆದುಕೊಂಡು ಕೂತ. ಮುಚ್ಚಿದ್ದ ಕಂಪನಿ ಮತ್ತೆ ಶುರುವಾಗುತ್ತಿದೆ, ಬೊಮ್ಮನಹಳ್ಳಿಯಲ್ಲಿ ಹೊಸ ಜಾಗ, ಹೊಸ ದುಡ್ಡು ಹಾಕುವವರು. ಅವರಿಗೆ ಮೊದಲ ಇಪ್ಪತ್ತರ ಕಥೆ ಬಹಳ ಹಿಡಿಸಿದೆ. ಎಂಟು ಜನ ಸಿಕ್ಕಿದ್ದಾರೆ. ಉದ್ಘಾಟನೆಗೆ ಎಲ್ಲರೂ ವೇದಿಕೆಯ ಮೇಲೆ.

"ವೆಲ್ಡಿಂಗ್ ಸೆಕ್ಷನ್ ಪೂರಾ ನಿನ್ನ ಕೈಗೆ. ಇನ್‌ಚಾರ್ಜ್. ಗಾಜಿನ ಕ್ಯಾಬಿನ್, ಏಸಿ. ಇಲ್ಲಿ ಕೊಡೋದರ ಎರಡರಷ್ಟು ಸಂಬಳ. ಬೆಂಕಿ ಮುಂದೆ ಕೂರೋದೇ ಬೇಡ ನೀನು." ಆಮೇಲೆ ಅವಳ ಮುಂಗೈ ನೋಡಿದ. ಮುಖ ಸ್ವಲ್ಪ ಬಾಡಿತು. "ತೆಗೆಸ್ತಿದ್ದೀಯಾ? ಪರವಾಗಿಲ್ಲ. ಇಷ್ಟಕ್ಕೆ ನಿಲ್ಲಿಸಿಬಿಡು. ಒಂದು ಗರಿ ಇದೆಯಲ್ಲ, ಸಾಕು. ಉಳಿದದ್ದನ್ನ ಅವತ್ತು ವೇದಿಕೆ ಮೇಲೇ ಮತ್ತೆ ಬರೆಸೋಣ. ಚರ್ಮ ಎಷ್ಟು ಕ್ಲೀನಾಗಿದೆ ನೋಡು, ಹೊಸದರ ಥರ. ಸಕ್ಕತ್ತಾಗಿ ಕೂರುತ್ತೆ."

ಮುನಿಯಣ್ಣ ಚಾವಣಿ ನೋಡುತ್ತಾ ಕೂತರು. ಒಳ್ಳೆಯ ಕೆಲಸಗಾರ್ತಿಯನ್ನು ಕಳೆದುಕೊಳ್ಳುವ ಯಜಮಾನ, ಆದರೂ ಅಡ್ಡ ಬರಬಾರದು ಎಂದು. ಹೊಳೆವ್ವ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಗಾಜಿನ ಕ್ಯಾಬಿನ್. ಬೆಂಕಿಯಿಲ್ಲ, ಹೊಗೆಯಿಲ್ಲ. ತಾಯಿ ಎಂದ ಮೇಲೆ ಆಸೆ ಬರದೆ ಇರುತ್ತದೆಯೇ? ಒಂದು ಗಳಿಗೆ ಬಂತು. ಹೂಂ ಅನ್ನು ಎಂಬ ಮಾತು ನಾಲಿಗೆಯ ತುದಿಗೂ ಬಂತು. ಆಗ ಅವಳ ಕಣ್ಣು ಮಗಳ ಕೈಗೆ ಹೋಯಿತು. ಹನಿ ಹನಿ ನೀರು ಬಿಟ್ಟು ಕಾಯ್ದ ಕೈ. 'ಹೊಸದರ ಥರ' ಎಂದನಲ್ಲ ಆ ಮನುಷ್ಯ, ಅದು ಖರೇನೇ. ಇಡೀ ಬೆಂಗಳೂರಿನಲ್ಲಿ ಅದನ್ನು ಹೊಸದು ಮಾಡಿದವಳು ಇಲ್ಲೇ ಕುರ್ಚಿಯ ಮೇಲೆ ಕೂತಿದ್ದಾಳೆ. ಅವಳು ಬಾಯಿ ಮುಚ್ಚಿಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತಳು.

"ಬ್ಯಾಡ್ರಿ ಸರ್," ಎಂದಳು ಶಿವಗಂಗಾ.

"ಈಗಲೇ ಹೇಳ್ಬೇಡ. ಒಂದು ವಾರ ಟೈಮ್ ತಗೋ. ಅಮ್ಮನ್ನ ಕೇಳು."

ಶಿವಗಂಗಾ ಮೇಜಿನ ಮೇಲಿದ್ದ ಕೌದಿ ತೋಳನ್ನು ಎತ್ತಿಕೊಂಡಳು. ಊಟ ಆಗಿರಲಿಲ್ಲ, ಆದರೂ ಕೈ ತೂರಿಸಿದಳು, ಮಣಿಕಟ್ಟಿನವರೆಗೂ ಎಳೆದುಕೊಂಡಳು, ಲಾಡಿ ಕಟ್ಟಲೆಂದು ಮೊಣಕೈಯನ್ನು ತಾಯಿಯ ಮುಂದೆ ಹಿಡಿದಳು. ಹೊಳೆವ್ವ ಕಟ್ಟಿದಳು. ಎರಡು ಗಂಟು.

"ಬ್ಯಾಡ," ಎಂದಳು ಶಿವಗಂಗಾ.